ಎರಡು ಮೋಟಾರುಗಳ ಮಾದರಿ ಯುದ್ಧವಿಮಾನ: ‘ಮಸ್ಕಿಟೊ’ದ ರಚನೆಯೂ ಅದರ ವಿಜ್ಞಾನವೂ

ಆಕಾಶದಲ್ಲಿ ಹಾರುವ ವಿಮಾನವನ್ನು ಕಂಡು ತಲೆಯೆತ್ತಿ ನೋಡದ ವಿದ್ಯಾರ್ಥಿ ವಿರಳ. ಆ ಕುತೂಹಲವನ್ನು ಜ್ಞಾನವನ್ನಾಗಿ ಪರಿವರ್ತಿಸಲು ಇರುವ ಮಾರ್ಗಗಳಲ್ಲಿ ಅತ್ಯಂತ ಫಲಪ್ರದವಾದದ್ದು ಸ್ವತಃ ಒಂದು ಚಿಕ್ಕ ವಿಮಾನವನ್ನು ಕಟ್ಟಿ ಹಾರಿಸುವುದು. ಪಠ್ಯಪುಸ್ತಕದಲ್ಲಿ ಬಿಡಿಬಿಡಿಯಾಗಿ ಓದಿದ ಬಲ, ಭ್ರಮಣಾಂಕ, ಸಾಂದ್ರತೆ, ವಿದ್ಯುತ್ಪ್ರವಾಹ ಇವೆಲ್ಲವೂ ಅಲ್ಲಿ ಒಂದೇ ವಸ್ತುವಿನಲ್ಲಿ ಕೂಡಿಬರುತ್ತವೆ. ಲೆಕ್ಕ ತಪ್ಪಿದರೆ ಉತ್ತರಪತ್ರಿಕೆಯಲ್ಲಿ ಅಂಕ ಹೋಗುವುದಿಲ್ಲ, ವಿಮಾನವೇ ನೆಲಕ್ಕೆ ಬೀಳುತ್ತದೆ.

ಒಂದು ಮೋಟಾರಿನ ಮಾದರಿ ವಿಮಾನವನ್ನು ಕಟ್ಟುವ ಕ್ರಮ ಇಂದು ಅನೇಕರಿಗೆ ಪರಿಚಿತವಾಗಿದೆ. ಎರಡು ಮೋಟಾರುಗಳ ವಿಮಾನ ಅದಕ್ಕಿಂತ ಕಠಿಣವಾದದ್ದು. ಎರಡು ಮೋಟಾರುಗಳಿದ್ದರೆ ಒಂದು ಕೆಟ್ಟರೂ ಇನ್ನೊಂದು ಕಾಪಾಡೀತು ಎಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವದಲ್ಲಿ, ಉಳಿದ ಒಂದು ಮೋಟಾರೇ ವಿಮಾನವನ್ನು ಕೆಡಹುವ ಸಂಭವವುಂಟು. ಇದು ಹೇಗೆ, ಇದನ್ನು ತಡೆಯುವ ಬಗೆ ಯಾವುದು ಎಂಬುದೇ ಪ್ರಸ್ತುತ ಲೇಖನದ ಮುಖ್ಯ ವಿಚಾರ. ಇದಕ್ಕೆ ನಿದರ್ಶನವಾಗಿ ಎರಡನೆಯ ಮಹಾಯುದ್ಧದ ಪ್ರಸಿದ್ಧ ಬ್ರಿಟಿಷ್ ವಿಮಾನವಾದ ‘ಡಿ ಹ್ಯಾವಿಲೆಂಡ್ ಮಸ್ಕಿಟೊ’ವನ್ನು ಆರಿಸಿಕೊಂಡಿದೆ.

1. ಮೂಲ ವಿಮಾನದ ಪರಿಚಯ

ಯುದ್ಧಕಾಲದಲ್ಲಿ ಅಲ್ಯೂಮಿನಿಯಂ ದುರ್ಲಭವಾಗುವುದೆಂದು ಮನಗಂಡ ಡಿ ಹ್ಯಾವಿಲೆಂಡ್ ಸಂಸ್ಥೆಯು ಮರದಿಂದಲೇ ಒಂದು ವೇಗದ ಬಾಂಬರ್ ವಿಮಾನವನ್ನು ನಿರ್ಮಿಸಲು ಮುಂದಾಯಿತು. ಲೋಹದ ಯುಗದಲ್ಲಿ ಮರದ ವಿಮಾನವೆಂದರೆ ಅಧಿಕಾರಿಗಳಲ್ಲಿ ಅನೇಕರಿಗೆ ನಂಬಿಕೆ ಬರಲಿಲ್ಲ. ಕಡೆಗೆ 1940ರ ಮಾರ್ಚಿಯಲ್ಲಿ 50 ವಿಮಾನಗಳಿಗೆ ಬೇಡಿಕೆ ದೊರೆಯಿತು. ಆರ್. ಇ. ಬಿಷಪ್ ಅವರ ನೇತೃತ್ವದಲ್ಲಿ ರೂಪುಗೊಂಡ ಮೊದಲ ವಿಮಾನವನ್ನು 1940ರ ನವೆಂಬರ್ 25ರಂದು ಜೆಫ್ರಿ ಡಿ ಹ್ಯಾವಿಲೆಂಡ್ ಕಿರಿಯರು ಹ್ಯಾಟ್‌ಫೀಲ್ಡ್‌ನಲ್ಲಿ ಹಾರಿಸಿದರು. ಗಂಟೆಗೆ 600 ಕಿ.ಮೀ.ಗೂ ಮೀರಿದ ಅದರ ವೇಗ ಸಂಶಯಿಗಳ ಬಾಯಿ ಮುಚ್ಚಿಸಿತು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಒಟ್ಟು 7,781 ಮಸ್ಕಿಟೊಗಳು ತಯಾರಾದವು.

ಇದರ ಒಡಲಿನ ರಚನೆ ಗಮನಾರ್ಹವಾದದ್ದು. ಹಗುರವಾದ ಬಾಲ್ಸಾ ಮರದ ಪದರವೊಂದನ್ನು ಬರ್ಚ್ ಮರದ ತೆಳು ಪ್ಲೈವುಡ್‌ಗಳ ನಡುವೆ ಇಟ್ಟು, ಅಚ್ಚಿನ ಮೇಲೆ ಬಾಗಿಸಿ ಅಂಟಿಸುತ್ತಿದ್ದರು. ಎಡ ಮತ್ತು ಬಲ ಭಾಗಗಳನ್ನು ಬೇರೆಬೇರೆಯಾಗಿ ತಯಾರಿಸಿ, ಒಳಗಿನ ತಂತಿ, ಕೊಳವೆ, ಉಪಕರಣಗಳನ್ನು ಅಳವಡಿಸಿದ ಮೇಲೆ ಅವರೆಕಾಯಿಯ ಎರಡು ಹೋಳುಗಳಂತೆ ಕೂಡಿಸುತ್ತಿದ್ದರು. ರೆಕ್ಕೆ ಮಾತ್ರ ಒಂದು ತುದಿಯಿಂದ ಮತ್ತೊಂದು ತುದಿಯವರೆಗೆ ಅಖಂಡವಾದದ್ದು. ಬಲವಾದ ಎರಡು ಚರ್ಮಗಳ ನಡುವೆ ಹಗುರವಾದ ತಿರುಳು ಎಂಬ ಈ ತತ್ತ್ವವೇ ಕಾಗದ ಹೊದಿಸಿದ ಫೋಮ್ ಹಲಗೆಯಲ್ಲಿಯೂ ಇದೆ. ಆದ್ದರಿಂದ ಫೋಮ್‌ನಿಂದ ಮಸ್ಕಿಟೊವನ್ನು ಕಟ್ಟುವುದು ಮೂಲದ ಸ್ವಭಾವಕ್ಕೆ ದೂರವಾದ ಕೆಲಸವೇನೂ ಅಲ್ಲ.

ಈ ವಿಮಾನಕ್ಕೆ ನಮ್ಮ ದೇಶದ ಸಂಬಂಧವೂ ಉಂಟು. 1944ರಲ್ಲಿ ಭಾರತ–ಬರ್ಮಾ ರಣರಂಗದಲ್ಲಿ ಕೆಲವು ಮಸ್ಕಿಟೊಗಳ ರೆಕ್ಕೆಗಳು ಹಾರಾಟದಲ್ಲಿಯೇ ಮುರಿದವು. ತನಿಖೆ ನಡೆಸಿದಾಗ ಅಂಟಿಸಿದ ಜೋಡಣೆಗಳಲ್ಲಿನ ದೋಷಗಳೂ, ಮರದೊಳಗೆ ನೀರು ಇಳಿದದ್ದೂ ಬೆಳಕಿಗೆ ಬಂದವು. ಹಾಲಿನ ಕೇಸೀನಿನಿಂದ ಮಾಡಿದ ಅಂಟಿಗೆ ಬದಲಾಗಿ ತೇವವನ್ನು ತಡೆಯುವ ಫಾರ್ಮಾಲ್ಡಿಹೈಡ್ ಅಂಟು ಬಳಕೆಗೆ ಬಂದಿತು. ಅಂಟು ಎಂಬುದು ಚಿಕ್ಕ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ಭೌತವಿಜ್ಞಾನದ ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿಯೊಂದಿದೆ. ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿ ನೀಲ್ಸ್ ಬೋರ್ ಅವರನ್ನು 1943ರ ಅಕ್ಟೋಬರಿನಲ್ಲಿ ಸ್ವೀಡನ್ನಿನಿಂದ ಬ್ರಿಟನ್ನಿಗೆ ಕರೆತಂದದ್ದು ಮಸ್ಕಿಟೊ ವಿಮಾನವೇ. ಬಾಂಬುಗಳನ್ನಿಡುವ ಕೋಣೆಯಲ್ಲಿ ಅವರು ಪ್ರಯಾಣ ಮಾಡಿದರು. ಆಮ್ಲಜನಕವನ್ನು ಬಳಸಬೇಕೆಂಬ ಸೂಚನೆ ಕೇಳಿಸದೆ ದಾರಿಯಲ್ಲಿ ಅವರು ಎಚ್ಚರ ತಪ್ಪಿದ್ದರು. ಸಂಹಾರಕ್ಕೆಂದು ಹುಟ್ಟಿದ ಯಂತ್ರವು ಒಬ್ಬ ಮಹಾವಿಜ್ಞಾನಿಯ ಪ್ರಾಣರಕ್ಷಣೆಗೂ ಒದಗಿತು.

2. ಅಳತೆಯ ಗಣಿತ

ಮೂಲ ವಿಮಾನದ ರೆಕ್ಕೆಯ ಹರವು 16.5 ಮೀಟರು, ರೆಕ್ಕೆಯ ವಿಸ್ತೀರ್ಣ ಸುಮಾರು 42 ಚದರ ಮೀಟರು, ಯುದ್ಧಸಜ್ಜಿತವಾದ ಒಂದು ಮಸ್ಕಿಟೊದ ತೂಕ ಸುಮಾರು 8,200 ಕಿಲೋಗ್ರಾಂ. ನಾವು 1:12 ಪ್ರಮಾಣದಲ್ಲಿ ಮಾದರಿಯನ್ನು ಕಟ್ಟೋಣ. ಆಗ ಹರವು ಸುಮಾರು 137 ಸೆಂ.ಮೀ. ಆಗುತ್ತದೆ. ವಿಸ್ತೀರ್ಣವು ಉದ್ದದ ವರ್ಗಕ್ಕೆ ಅನುಗುಣವಾದುದರಿಂದ ಅದನ್ನು 144ರಿಂದ ಭಾಗಿಸಬೇಕು; ಅದು ಸುಮಾರು 0.29 ಚದರ ಮೀಟರು. ಘನ ಅಳತೆ ಉದ್ದದ ಘನಕ್ಕೆ ಅನುಗುಣವಾದುದರಿಂದ ತೂಕವನ್ನು 1,728ರಿಂದ ಭಾಗಿಸಬೇಕು. ಅದು ಸುಮಾರು 4.7 ಕಿ.ಗ್ರಾಂ.

ಮೂಲದಲ್ಲಿ ರೆಕ್ಕೆಯ ಪ್ರತಿ ಚದರ ಮೀಟರು ಹೊರುತ್ತಿದ್ದ ಭಾರ ಸುಮಾರು 195 ಕಿ.ಗ್ರಾಂ. 4.7 ಕಿ.ಗ್ರಾಂ. ತೂಗುವ ಮಾದರಿಯಲ್ಲಿ ಅದು ಕೇವಲ 16 ಕಿ.ಗ್ರಾಂ. ಆಕೃತಿ ಚಿಕ್ಕದಾದಂತೆ ವಿಸ್ತೀರ್ಣಕ್ಕಿಂತ ತೂಕ ಬೇಗ ಕುಗ್ಗುತ್ತದೆ ಎಂಬುದು ಇದರಿಂದ ಸ್ಪಷ್ಟ. ಇರುವೆಯು ತನ್ನ ತೂಕಕ್ಕೆ ಹಲವು ಪಟ್ಟಿನ ಕಾಳನ್ನು ಹೊರಲು ಸಮರ್ಥವಾಗಿರುವುದೂ ಇದೇ ನಿಯಮದಿಂದ.

ಆದರೂ ಹೊಸಬರಿಗೆ 16 ಕಿ.ಗ್ರಾಂ. ಹೆಚ್ಚೇ. ಫೋಮ್‌ನಿಂದ ಕಟ್ಟಿದರೆ ಇಡೀ ಮಾದರಿಯನ್ನು 1.1ರಿಂದ 1.3 ಕಿ.ಗ್ರಾಂ.ಗಳೊಳಗೆ ಮುಗಿಸಬಹುದು. 1.3 ಕಿ.ಗ್ರಾಂ. ಎಂದಿಟ್ಟುಕೊಂಡರೆ ಚದರ ಮೀಟರಿಗೆ ಭಾರ ಸುಮಾರು 4.5 ಕಿ.ಗ್ರಾಂ. ಮಾತ್ರ. ಇದರ ಫಲವೇನು? ವಿಮಾನವು ಹಾರಲು ಬೇಕಾದ ಕನಿಷ್ಠ ವೇಗವನ್ನು ಲೆಕ್ಕ ಹಾಕೋಣ. ಎತ್ತುಬಲವು ಗಾಳಿಯ ಸಾಂದ್ರತೆಯ ಅರ್ಧ, ವೇಗದ ವರ್ಗ, ರೆಕ್ಕೆಯ ವಿಸ್ತೀರ್ಣ, ಎತ್ತುಬಲದ ಗುಣಾಂಕ ಇವುಗಳ ಗುಣಲಬ್ಧಕ್ಕೆ ಸಮ. ನಮ್ಮ ಬಯಲುಸೀಮೆಯ ಎತ್ತರದಲ್ಲಿ ಗಾಳಿಯ ಸಾಂದ್ರತೆಯನ್ನು ಘನ ಮೀಟರಿಗೆ 1.1 ಕಿ.ಗ್ರಾಂ. ಎಂದೂ ಗುಣಾಂಕವನ್ನು ಹೆಚ್ಚೆಂದರೆ 1 ಎಂದೂ ಭಾವಿಸಿದರೆ, ಕನಿಷ್ಠ ವೇಗ ಸೆಕೆಂಡಿಗೆ ಸುಮಾರು 9 ಮೀಟರು, ಎಂದರೆ ಗಂಟೆಗೆ 32 ಕಿ.ಮೀ. ಬರುತ್ತದೆ. ಸೈಕಲ್ಲನ್ನು ರಭಸದಿಂದ ತುಳಿಯುವವನ ವೇಗವಿದು. ಕೈಯಿಂದ ಎಸೆದು ಹಾರಿಸಲು ಇದು ಸಾಧ್ಯವಾದ ವೇಗ, 4.7 ಕಿ.ಗ್ರಾಂ. ಮಾದರಿಯಾದರೆ ಸಾಧ್ಯವಾಗದು.

3. ಸಾಮಗ್ರಿಗಳ ಆಯ್ಕೆ

ಪೆಟ್ಟಿಗೆಗಳಲ್ಲಿ ಬರುವ ಬಿಳಿಯ ಥರ್ಮೋಕೋಲ್ ಹಗುರವಾದದ್ದಾದರೂ ಮಣಿಮಣಿಯಾಗಿ ಉದುರುತ್ತದೆ, ಬಾಗಿಸಿದರೆ ಮುರಿಯುತ್ತದೆ. ದಪ್ಪನೆಯ ತುಂಡನ್ನು ಕಾಯಿಸಿದ ತಂತಿಯಿಂದ ಕತ್ತರಿಸಿ ಮೂತಿ, ಮೋಟಾರು ಗೂಡುಗಳನ್ನು ರೂಪಿಸಲು ಅದು ಯೋಗ್ಯ. ಒಡಲು, ರೆಕ್ಕೆ, ಬಾಲಗಳಿಗೆ 5 ಅಥವಾ 6 ಮಿ.ಮೀ. ದಪ್ಪದ ನಯವಾದ ಫೋಮ್ ಹಾಳೆ ಬೇಕು. ಹವ್ಯಾಸಿಗಳ ಅಂಗಡಿಗಳಲ್ಲಿ ಇದು ಡೆಪ್ರಾನ್ ಎಂಬ ಹೆಸರಿನಿಂದ ದೊರೆಯುತ್ತದೆ. ಫಲಕ ಬರೆಯುವವರು ಬಳಸುವ ಸನ್‌ಬೋರ್ಡ್ ನೋಡಲು ಹಾಗೆಯೇ ಕಂಡರೂ ಬಹು ಭಾರವಾದದ್ದು, ಅದನ್ನು ಕೊಳ್ಳಬಾರದು. ಯಾವುದೇ ಹಾಳೆಯನ್ನು ಕೊಳ್ಳುವ ಮುನ್ನ ತೂಗಿ ನೋಡಬೇಕು. ಒಂದು ಚದರ ಮೀಟರು ಹಾಳೆ 200 ಗ್ರಾಂ ಆಸುಪಾಸಿನಲ್ಲಿದ್ದರೆ ಉತ್ತಮ.

ಅಂಟಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಪಾದರಕ್ಷೆ, ರಬ್ಬರುಗಳನ್ನು ಅಂಟಿಸುವ ದ್ರಾವಕಯುಕ್ತ ಅಂಟುಗಳೂ, ಕ್ಷಣದಲ್ಲಿ ಹಿಡಿಯುವ ಸಾಧಾರಣ ಅಂಟುಗಳೂ ಈ ಫೋಮ್‌ಗಳನ್ನು ಕರಗಿಸಿ ಗುಳಿ ಮಾಡುತ್ತವೆ. ಸ್ಪ್ರೇ ಬಣ್ಣಗಳಲ್ಲಿ ಬಹುಪಾಲು ಕೂಡ ಹಾಗೆಯೇ. ಕಾಗದಕ್ಕೂ ಮರಕ್ಕೂ ಫೆವಿಕಾಲ್, ಮೋಟಾರಿನ ಪ್ಲೈವುಡ್ ಹಲಗೆಗೆ ಎರಡು ಭಾಗಗಳನ್ನು ಬೆರೆಸುವ ಎಪಾಕ್ಸಿ, ಉಳಿದ ಕಡೆಗಳಿಗೆ ಮಿತವಾಗಿ ಬಿಸಿ ಅಂಟು ಸಾಕು. ಫೋಮ್ ಗಾಳಿಯನ್ನು ಬಿಡದ ವಸ್ತುವಾದ್ದರಿಂದ ಎರಡು ಫೋಮ್‌ಗಳ ನಡುವಿನ ಫೆವಿಕಾಲ್ ಒಣಗಲು ದಿನಗಳೇ ಬೇಕಾಗುತ್ತವೆ. ಯಾವ ಅಂಟನ್ನಾಗಲಿ ಬಣ್ಣವನ್ನಾಗಲಿ ಮೊದಲು ಚೂರೊಂದರ ಮೇಲೆ ಪರೀಕ್ಷಿಸಿಯೇ ಬಳಸತಕ್ಕದ್ದು.

4. ರಚನಾ ಕ್ರಮ

ಒಡಲು: ಎರಡು ಬದಿಗಳನ್ನು ಒಂದೇ ನಕ್ಷೆಯಿಂದ ಕತ್ತರಿಸಿ, ನಡುವೆ ಅಡ್ಡ ಹಲಗೆಗಳನ್ನು ನಿಲ್ಲಿಸಿ ಪೆಟ್ಟಿಗೆಯಾಗಿ ಕೂಡಿಸಬೇಕು. ಮೂಲೆಗಳ ಒಳಬದಿಗೆ ಫೋಮ್‌ನ ತ್ರಿಕೋನ ಪಟ್ಟಿಗಳನ್ನು ಅಂಟಿಸಿದರೆ, ಹೊರಗಿನ ಅಂಚುಗಳನ್ನು ಉಜ್ಜುಕಾಗದದಿಂದ ದುಂಡಗೆ ಮಾಡಬಹುದು. ಬ್ಯಾಟರಿಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಲು ಅವಕಾಶವಿರುವಷ್ಟು ಉದ್ದದ ಕೋಣೆಯನ್ನು ಮೂತಿಯ ಭಾಗದಲ್ಲಿ ಬಿಡುವುದು ಕಡ್ಡಾಯ.

ರೆಕ್ಕೆ: ಬುಡದಲ್ಲಿ 30 ಸೆಂ.ಮೀ., ತುದಿಯಲ್ಲಿ 12 ಸೆಂ.ಮೀ. ಅಗಲವಿರಲಿ. ಒಂದೇ ಹಾಳೆಯನ್ನು ಮುಂದಿನ ಅಂಚಿನಲ್ಲಿ ಮಡಚಿ, ಒಳಗೆ ತೊಲೆಯೊಂದನ್ನು ಕೂರಿಸಿ, ಹಿಂದಿನ ಅಂಚಿನಲ್ಲಿ ಅಂಟಿಸಿದರೆ ಮೇಲ್ಭಾಗ ಉಬ್ಬಿದ ರೆಕ್ಕೆಯ ಆಕೃತಿ ದೊರೆಯುತ್ತದೆ. ತೊಲೆಯು ಮೂಲ ವಿಮಾನದಲ್ಲಿದ್ದಂತೆ ಎರಡೂ ರೆಕ್ಕೆಗಳಿಗೆ ಒಂದೇ ಆಗಿ ಒಡಲನ್ನು ದಾಟಿ ಹೋಗಬೇಕು. ಇದಕ್ಕೆ 8 ಮಿ.ಮೀ. ಕಾರ್ಬನ್ ಕೊಳವೆ ಉತ್ತಮ. ರೆಕ್ಕೆಯ ತುದಿಯನ್ನು ಬುಡಕ್ಕಿಂತ ಸುಮಾರು 2 ಡಿಗ್ರಿ ಕೆಳಮುಖವಾಗಿ ತಿರುಚಿ ಅಂಟಿಸಬೇಕು. ತುದಿ ಕಿರಿದಾದ ರೆಕ್ಕೆಗಳು ವೇಗ ಕುಂದಿದಾಗ ತುದಿಯಲ್ಲಿಯೇ ಮೊದಲು ಎತ್ತುಬಲವನ್ನು ಕಳೆದುಕೊಂಡು ಪಕ್ಕಕ್ಕೆ ಉರುಳುವ ಸ್ವಭಾವದವು. ಈ ತಿರುಚುವಿಕೆಯಿಂದ ಬುಡ ಮೊದಲು ಸೋಲುತ್ತದೆ, ತುದಿ ಹಿಡಿತದಲ್ಲಿರುತ್ತದೆ.

ರೆಕ್ಕೆಯ ಬಲವನ್ನು ಪರೀಕ್ಷಿಸಲು ಸುಲಭವಾದ ಉಪಾಯವಿದೆ. ಪೂರ್ಣಗೊಂಡ ವಿಮಾನವನ್ನು ಬ್ಯಾಟರಿಸಮೇತ ಎರಡು ರೆಕ್ಕೆತುದಿಗಳಿಂದ ಮಾತ್ರ ಎತ್ತಬೇಕು. ಹಾರಾಟದಲ್ಲಿ ಎತ್ತುಬಲವು ರೆಕ್ಕೆಯ ಉದ್ದಕ್ಕೂ ಹಂಚಿರುತ್ತದೆ. ಈ ಪರೀಕ್ಷೆಯಲ್ಲಿ ಅದೆಲ್ಲವೂ ತುದಿಯಲ್ಲಿಯೇ ಇರುತ್ತದೆ. ರೆಕ್ಕೆಯ ಸ್ವಂತ ತೂಕವನ್ನು ಬಿಟ್ಟು ಲೆಕ್ಕ ಹಾಕಿದರೆ, ನೇರ ಹಾರಾಟದಲ್ಲಿ ಬುಡಕ್ಕೆ ಬೀಳುವ ಬಾಗುಬಲದ ಸುಮಾರು 2.4 ಪಟ್ಟು ಇಲ್ಲಿ ಬೀಳುತ್ತದೆ. ಇದನ್ನು ಬಿರುಕಿಲ್ಲದೆ ತಾಳಿದ ರೆಕ್ಕೆ ಸೌಮ್ಯವಾದ ತಿರುವುಗಳಿಗೆ ಸಾಕು.

ಮೋಟಾರು ಗೂಡುಗಳು: ಒಡಲಿನ ಮಧ್ಯರೇಖೆಯಿಂದ ಎರಡೂ ಕಡೆ 20 ಸೆಂ.ಮೀ. ದೂರದಲ್ಲಿ ಇವು ಬರುತ್ತವೆ. ಪ್ರತಿಯೊಂದರ ಮುಂದೆ 3 ಮಿ.ಮೀ. ಪ್ಲೈವುಡ್‌ನ ಹಲಗೆಯನ್ನು ನಿಲ್ಲಿಸಿ, ಅದನ್ನು ಮರದ ಪಟ್ಟಿಗಳಿಂದ ರೆಕ್ಕೆಯ ತೊಲೆಗೇ ಬಂಧಿಸಬೇಕು. ಬರಿಯ ಫೋಮ್‌ಗೆ ಅಂಟಿಸಿದ ಮೋಟಾರು ಅದುರಿ ಅದುರಿ ಕಳಚಿಕೊಳ್ಳುತ್ತದೆ. ಎರಡೂ ಮೋಟಾರುಗಳು ಒಂದೇ ದಿಕ್ಕಿಗೆ, ಸಮಾಂತರವಾಗಿ ನೋಡುತ್ತಿವೆಯೇ ಎಂಬುದನ್ನು ದಾರ ಹಿಡಿದು ಅಳೆಯಬೇಕು.

ಬಾಲ: ಮಸ್ಕಿಟೊದ ಬಾಲದ ನಿಂತ ರೆಕ್ಕೆ ಸುಂದರವಾದರೂ ಮಾದರಿಗೆ ತುಸು ಚಿಕ್ಕದು. ಚುಕ್ಕಾಣಿಯೂ ಸೇರಿ ಅದು 250 ಚದರ ಸೆಂ.ಮೀ.ಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಚುಕ್ಕಾಣಿಯನ್ನು ಬಿಟ್ಟು ಐಲೆರಾನ್, ಎಲೆವೇಟರುಗಳಿಂದಲೇ ಹಾರಿಸುವವರುಂಟು. ಎರಡು ಮೋಟಾರುಗಳ ವಿಮಾನದಲ್ಲಿ ಅದು ಸಲ್ಲದು. ಕಾರಣ ಮುಂದೆ ತಿಳಿಯುತ್ತದೆ.

5. ಮೋಟಾರು ಮತ್ತು ವಿದ್ಯುತ್ ವ್ಯವಸ್ಥೆ

ಸುಮಾರು 50 ಗ್ರಾಂ ತೂಗುವ, 2212 ಎಂಬ ಅಳತೆಯ ಬ್ರಶ್‌ರಹಿತ ಮೋಟಾರುಗಳು ಎರಡು ಬೇಕು. ಇವುಗಳ ಮೇಲೆ 1000 ಕೆವಿ ಎಂದು ಬರೆದಿದ್ದರೆ, ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತವೆ ಎಂದರ್ಥ. ಅದು ಕಿಲೋವೋಲ್ಟ್ ಅಲ್ಲ. ಮೂರು ಕೋಶಗಳ ಲಿಥಿಯಂ ಪಾಲಿಮರ್ ಬ್ಯಾಟರಿಯ 11.1 ವೋಲ್ಟಿನಲ್ಲಿ, 8 ಅಂಗುಲ ವ್ಯಾಸ, 4.5 ಅಂಗುಲ ಮುನ್ನಡೆಯ ಪ್ರೊಪೆಲರ್ ಹಾಕಿದಾಗ ಪ್ರತಿಯೊಂದರಿಂದ ಸುಮಾರು 500 ಗ್ರಾಂ ನೂಕುಬಲವನ್ನು ನಿರೀಕ್ಷಿಸಬಹುದು. ಒಂದು ಸುತ್ತಿಗೆ ಪ್ರೊಪೆಲರ್ ಸೈದ್ಧಾಂತಿಕವಾಗಿ 11.4 ಸೆಂ.ಮೀ. ಮುಂದೆ ಸಾಗಬೇಕು. ಹೊರೆಯಿದ್ದಾಗ ನಿಮಿಷಕ್ಕೆ 8,800 ಸುತ್ತು ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 17 ಮೀಟರು ಆಯಿತು. ನಮ್ಮ ಕನಿಷ್ಠ ವೇಗವಾದ 9 ಮೀಟರಿನ ಸುಮಾರು ಎರಡರಷ್ಟಿರುವುದರಿಂದ ಇದು ಯೋಗ್ಯವಾದ ಜೋಡಿ.

ಎರಡು ಮೋಟಾರುಗಳಿಗೂ ಒಂದೇ ಬ್ಯಾಟರಿ ಇರಬೇಕು. ಬೇರೆಬೇರೆ ಬ್ಯಾಟರಿ ಕೊಟ್ಟರೆ ಒಂದು ಮೊದಲು ಬರಿದಾಗಿ ಆ ಕಡೆಯ ಮೋಟಾರು ಕುಂದುತ್ತದೆ. 2,200 ಮಿಲಿಆಂಪಿಯರ್ ಗಂಟೆಯ ಬ್ಯಾಟರಿಯಿಂದ ಸರಾಸರಿ 10 ಆಂಪಿಯರ್ ಸೆಳೆದರೆ, ಶೇಕಡ 80ರಷ್ಟನ್ನು ಮಾತ್ರ ಬಳಸುವ ನಿಯಮದಂತೆ ಹತ್ತು ನಿಮಿಷಗಳ ಹಾರಾಟವಾಗುತ್ತದೆ. ಎಂಟನೆಯ ನಿಮಿಷಕ್ಕೇ ಇಳಿಸುವುದು ವಿವೇಕ.

ಪ್ರತಿ ಮೋಟಾರಿಗೂ ಒಂದು ವೇಗನಿಯಂತ್ರಕ ಬೇಕು. ಅಂಗಡಿಯಲ್ಲಿ ಇದಕ್ಕೆ ಇಎಸ್‌ಸಿ ಎನ್ನುತ್ತಾರೆ. 20ರಿಂದ 30 ಆಂಪಿಯರ್ ಸಾಮರ್ಥ್ಯದ, ಒಂದೇ ತಯಾರಿಕೆಯ ಎರಡನ್ನು ಕೊಳ್ಳಬೇಕು. ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದಾಗಿ, ಎರಡಕ್ಕೂ ಥ್ರಾಟಲ್ಲಿನ ಕನಿಷ್ಠ ಗರಿಷ್ಠಗಳನ್ನು ಒಂದೇ ರೀತಿ ಕಲಿಸಿಕೊಡಬೇಕು. ಇಲ್ಲವಾದರೆ ಒಂದು ಮೋಟಾರು ಮೊದಲು ತಿರುಗಿ ಮತ್ತೊಂದು ತಡವಾಗುತ್ತದೆ. ಎರಡನೆಯದಾಗಿ, ಗ್ರಾಹಕಕ್ಕೆ ವಿದ್ಯುತ್ ಒದಗಿಸುವ ಮಂಡಲ ಎರಡರಲ್ಲಿಯೂ ಇರುವುದರಿಂದ ಒಂದರ ಕೆಂಪು ತಂತಿಯನ್ನು ಬಿಡಿಸಿಡಬೇಕು. ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಬ್ಯಾಟರಿ ಕುಂದಿದಾಗ ಮೋಟಾರನ್ನು ಥಟ್ಟನೆ ನಿಲ್ಲಿಸುವ ಕ್ರಮವನ್ನು ತೆಗೆದು, ಮೆಲ್ಲಗೆ ಶಕ್ತಿ ತಗ್ಗಿಸುವ ಕ್ರಮವನ್ನು ಆರಿಸಬೇಕು. ಎರಡು ನಿಯಂತ್ರಕಗಳು ಒಂದೇ ಕ್ಷಣಕ್ಕೆ ಬ್ಯಾಟರಿ ಮುಗಿಯಿತೆಂದು ತೀರ್ಮಾನಿಸುವುದಿಲ್ಲ. ಒಂದು ಮೊದಲು ನಿಲ್ಲಿಸಿತೆಂದರೆ ಆಗುವುದೇನೆಂದು ಈಗ ನೋಡೋಣ.

6. ಒಂದು ಮೋಟಾರು ನಿಂತರೆ

ಎಡ ಮೋಟಾರು ನಿಂತಿತೆಂದು ಭಾವಿಸೋಣ. ಬಲ ಮೋಟಾರಿನ 500 ಗ್ರಾಂ ನೂಕುಬಲ ಮಧ್ಯರೇಖೆಯಿಂದ 20 ಸೆಂ.ಮೀ. ದೂರದಲ್ಲಿ ವರ್ತಿಸುತ್ತಿದೆ. ಅದರ ಭ್ರಮಣಾಂಕ 10,000 ಗ್ರಾಂ-ಸೆಂ.ಮೀ. ಇದು ಮೂತಿಯನ್ನು ಎಡಕ್ಕೆ, ನಿಂತ ಮೋಟಾರಿನ ಕಡೆಗೆ ತಿರುಗಿಸುತ್ತದೆ. ಇದನ್ನು ಎದುರಿಸಬಲ್ಲದ್ದು ಚುಕ್ಕಾಣಿ ಒಂದೇ. ಅದು ಗುರುತ್ವ ಕೇಂದ್ರದಿಂದ ಸುಮಾರು 58 ಸೆಂ.ಮೀ. ಹಿಂದಿದೆ. ಆದ್ದರಿಂದ ಅದು ಒದಗಿಸಬೇಕಾದ ಪಕ್ಕಬಲ 10,000 ಭಾಗಿಸು 58, ಎಂದರೆ ಸುಮಾರು 172 ಗ್ರಾಂ.

ಚುಕ್ಕಾಣಿಗೆ ಬಲ ಬರುವುದು ಅದರ ಮೇಲೆ ಹಾಯುವ ಗಾಳಿಯಿಂದ. ಆ ಬಲ ವೇಗದ ವರ್ಗಕ್ಕೆ ಅನುಗುಣವಾದದ್ದು. 250 ಚದರ ಸೆಂ.ಮೀ. ವಿಸ್ತೀರ್ಣ, 0.6 ಗುಣಾಂಕ ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ, ಸೆಕೆಂಡಿಗೆ 15 ಮೀಟರು ವೇಗದಲ್ಲಿ ಅದು 189 ಗ್ರಾಂ ಬಲವನ್ನು ಕೊಡುತ್ತದೆ. ಅದು ಸಾಕು. ಆದರೆ 9 ಮೀಟರು ವೇಗದಲ್ಲಿ ಅದು ಕೊಡಬಲ್ಲದ್ದು 68 ಗ್ರಾಂ ಮಾತ್ರ. ಹಾರಾಟದಲ್ಲಿ ಪ್ರೊಪೆಲರಿನ ನೂಕುಬಲ ನಿಂತಲ್ಲಿ ಅಳೆದುದಕ್ಕಿಂತ ಕಡಿಮೆಯಾಗುವುದು ನಿಜ. ಅದು ಅರ್ಧಕ್ಕೆ ಇಳಿಯಿತೆಂದರೂ ಬೇಕಾದದ್ದು 86 ಗ್ರಾಂ. ಚುಕ್ಕಾಣಿ ಸೋಲುತ್ತದೆ. ಮೂತಿ ಎಡಕ್ಕೆ ತಿರುಗುತ್ತ, ಮುಂದೆ ಬಂದ ಬಲರೆಕ್ಕೆಗೆ ಎತ್ತುಬಲ ಹೆಚ್ಚಿ, ಹಿಂದುಳಿದ ಎಡರೆಕ್ಕೆ ಸೋತು, ವಿಮಾನ ಬೋರಲಾಗಿ ನೆಲದತ್ತ ಧುಮುಕುತ್ತದೆ.

ಇಲ್ಲಿಯೇ ಪಾಠದ ತಿರುಳಿದೆ. ವಿಮಾನ ಇಳಿಯುತ್ತಿರುವುದನ್ನು ಕಂಡ ಚಾಲಕನ ಕೈ ತಾನಾಗಿ ಥ್ರಾಟಲ್ಲನ್ನು ಏರಿಸುತ್ತದೆ, ಎಲೆವೇಟರನ್ನು ಎಳೆಯುತ್ತದೆ. ಮೊದಲನೆಯದರಿಂದ ತಿರುಗಿಸುವ ಬಲ ಹೆಚ್ಚುತ್ತದೆ. ಎರಡನೆಯದರಿಂದ ವೇಗ ಕುಂದಿ ಚುಕ್ಕಾಣಿಯ ಬಲ ತಗ್ಗುತ್ತದೆ. ಎರಡೂ ವಿನಾಶದ ಕಡೆಗೇ. ಮಾಡಬೇಕಾದದ್ದು ಇದಕ್ಕೆ ವಿರುದ್ಧ: ಥ್ರಾಟಲ್ಲನ್ನು ಪೂರ್ತಿ ಇಳಿಸಬೇಕು, ಮೂತಿಯನ್ನು ತುಸು ಬಾಗಿಸಿ ವೇಗವನ್ನು ಉಳಿಸಿಕೊಳ್ಳಬೇಕು, ರೆಕ್ಕೆಗಳನ್ನು ಸಮವಾಗಿಟ್ಟು ನೇರವಾಗಿ ತೇಲಿ ಇಳಿಸಬೇಕು. ಎತ್ತರವೂ ವೇಗವೂ ಸಾಕಷ್ಟಿದ್ದಾಗ ಮಾತ್ರ ಸ್ವಲ್ಪ ಸ್ವಲ್ಪವೇ ಶಕ್ತಿ ಕೊಟ್ಟು, ವಿರುದ್ಧ ಚುಕ್ಕಾಣಿ ಹಿಡಿದು ಬಯಲಿನತ್ತ ಬರಬಹುದು.

ಇದು ಆಟಿಕೆಯ ಮಾತಷ್ಟೇ ಅಲ್ಲ. 1996ರ ಜುಲೈ 21ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಮೀಪದ ಬಾರ್ಟನ್ನಿನಲ್ಲಿ ಪ್ರದರ್ಶನ ನೀಡುತ್ತಿದ್ದ ಮಸ್ಕಿಟೊ ಒಂದರ ಎಡ ಎಂಜಿನ್ನು, ವೇಗ ಕಡಿಮೆಯಾಗಿದ್ದ ಹೊತ್ತಿನಲ್ಲಿಯೇ ಶಕ್ತಿ ಕಳೆದುಕೊಂಡಿತು. ವಿಮಾನ ಹತೋಟಿಗೆ ಬರದೆ ಬಿದ್ದು ಅದರಲ್ಲಿದ್ದ ಇಬ್ಬರೂ ಮಡಿದರು. ದೊಡ್ಡ ವಿಮಾನಕ್ಕೂ ಚಿಕ್ಕ ಮಾದರಿಗೂ ನಿಯಮ ಒಂದೇ.

ತೋಳಿನ ಉದ್ದ ಕಡಿಮೆಯಾದರೆ ಭ್ರಮಣಾಂಕವೂ ಕಡಿಮೆಯಾಗುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರಿನಲ್ಲಿಯೇ ಉದಾಹರಣೆ ಇದೆ. ಮಸ್ಕಿಟೊ ಮೊದಲು ಹಾರಿದ ಮರುತಿಂಗಳೇ, 1940ರ ಡಿಸೆಂಬರಿನಲ್ಲಿ, ಇಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ಹುಟ್ಟಿತು. ಆ ಕಾರ್ಖಾನೆಯಿಂದ 1961ರ ಜೂನ್ 17ರಂದು ಮೊದಲು ಹಾರಿದ ‘ಮರುತ್’ ಯುದ್ಧವಿಮಾನಕ್ಕೂ ಎರಡು ಎಂಜಿನ್‌ಗಳು. ಆದರೆ ಜೆಟ್ ಎಂಜಿನ್‌ಗಳಾದ ಅವು ರೆಕ್ಕೆಗಳ ಮೇಲಿರದೆ ಒಡಲಿನೊಳಗೆ ಒಂದರ ಪಕ್ಕ ಒಂದು ಇದ್ದವು. 1971ರ ಯುದ್ಧದಲ್ಲಿ ಮರುತ್‌ಗಳು ಒಂದೇ ಎಂಜಿನ್ನಿನ ಬಲದಿಂದ ಹಿಂದಿರುಗಿದ ಪ್ರಸಂಗಗಳುಂಟು. ಒಡಲಿನೊಳಗಿನ ಎಂಜಿನ್ನಿಗೆ ಮೂತಿಯನ್ನು ತಿರುಗಿಸುವ ತೋಳು ಬಹು ಚಿಕ್ಕದಾಗಿತ್ತು.

ಪ್ರೊಪೆಲರ್ ತಿರುಗುವ ದಿಕ್ಕೂ ವಿಚಾರಣೀಯ. ಮೂಲ ಮಸ್ಕಿಟೊದಲ್ಲಿ ಎರಡೂ ಒಂದೇ ದಿಕ್ಕಿಗೆ ತಿರುಗುತ್ತಿದ್ದುದರಿಂದ ನೆಲ ಬಿಡುವಾಗ ವಿಮಾನ ಎಡಕ್ಕೆ ಎಳೆಯುತ್ತಿತ್ತು. ಚಾಲಕರು ಎಡ ಎಂಜಿನ್ನಿಗೆ ತುಸು ಮುಂಚಿತವಾಗಿ ಶಕ್ತಿ ಕೊಟ್ಟು ಅದನ್ನು ಸರಿದೂಗಿಸುತ್ತಿದ್ದರು. ಮಾದರಿಯಲ್ಲಿ ಈ ತೊಂದರೆ ಬೇಕಿಲ್ಲ. ಹಿಂದಿನಿಂದ ನೋಡಿದಾಗ ಎಡಗಡೆಯದು ಬಲಮುರಿಯಾಗಿಯೂ ಬಲಗಡೆಯದು ಎಡಮುರಿಯಾಗಿಯೂ ತಿರುಗಲಿ. ಬ್ರಶ್‌ರಹಿತ ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ. ಬಲಗಡೆಗೆ ಎಡಮುರಿ ಪ್ರೊಪೆಲರನ್ನೇ ಹಾಕಬೇಕೆಂಬುದನ್ನು ಮರೆಯಬಾರದು.

7. ತೂಕ ಮತ್ತು ಗುರುತ್ವ ಕೇಂದ್ರ

ಫೋಮ್ 380 ಗ್ರಾಂ, ತೊಲೆ ಮತ್ತು ಪ್ಲೈವುಡ್ 130, ಮೋಟಾರುಗಳು 100, ನಿಯಂತ್ರಕಗಳು 50, ಪ್ರೊಪೆಲರು ಮತ್ತು ತಿರುಪುಗಳು 40, ನಾಲ್ಕು ಸರ್ವೊಗಳು ಮತ್ತು ಸರಳುಗಳು 60, ಗ್ರಾಹಕ ಮತ್ತು ತಂತಿಗಳು 60, ಬ್ಯಾಟರಿ 180, ಅಂಟು ಮತ್ತು ಬಣ್ಣ 100. ಒಟ್ಟು 1,100 ಗ್ರಾಂ. ಪ್ರತಿಯೊಂದು ಭಾಗವನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಒಳ್ಳೆಯದು. ಅಂಟಿನ ಒಂದೊಂದು ಹನಿಯೂ ಕಡೆಗೆ ಲೆಕ್ಕಕ್ಕೆ ಬರುತ್ತದೆ.

ನಮ್ಮ ರೆಕ್ಕೆಯ ಮಾಧ್ಯ ಅಗಲ ಸುಮಾರು 22.3 ಸೆಂ.ಮೀ. ಗುರುತ್ವ ಕೇಂದ್ರವು ಈ ಮಾಧ್ಯ ಅಗಲದ ಮುಂದಿನ ಅಂಚಿನಿಂದ ಕಾಲುಭಾಗದಲ್ಲಿ, ಅಂದರೆ 5.6 ಸೆಂ.ಮೀ. ಹಿಂದೆ ಇರಬೇಕು. ರೆಕ್ಕೆಯ ಕೆಳಗೆ ಎರಡು ಬೆರಳುಗಳಿಟ್ಟು ಎತ್ತಿದಾಗ ವಿಮಾನ ಸಮವಾಗಿ, ಅಥವಾ ಮೂತಿ ಕೂದಲೆಳೆಯಷ್ಟು ಬಾಗಿ ನಿಂತರೆ ಸರಿ. ಮೂತಿ ಭಾರವಾದ ವಿಮಾನ ಚೆನ್ನಾಗಿ ಹಾರದಿರಬಹುದು. ಬಾಲ ಭಾರವಾದ ವಿಮಾನ ಒಮ್ಮೆ ಮಾತ್ರ ಹಾರುತ್ತದೆ.

8. ಹಾರಾಟ ಮತ್ತು ಎಚ್ಚರಿಕೆಗಳು

ಕೆಲಸ ಮಾಡುವಾಗಲೆಲ್ಲ ಪ್ರೊಪೆಲರುಗಳನ್ನು ಬಿಚ್ಚಿಡಬೇಕು. ನಿಮಿಷಕ್ಕೆ ಎಂಟು ಸಾವಿರ ಸುತ್ತು ತಿರುಗುವ ಅಲಗು ಬೆರಳನ್ನು ಉಳಿಸುವುದಿಲ್ಲ. ಕೈಯಿಂದ ಎಸೆಯುವಾಗ ಎರಡು ಪ್ರೊಪೆಲರುಗಳು ಎಸೆಯುವವನ ಕೈಯ ಇಬ್ಬದಿಗೂ ಇರುತ್ತವೆ. ಆದ್ದರಿಂದ ರೆಕ್ಕೆಯ ಹಿಂದೆ ಒಡಲಿನ ತಳವನ್ನು ಹಿಡಿದು, ಗಾಳಿಗೆ ಎದುರಾಗಿ, ನೇರವಾಗಿ ಎಸೆಯುವ ಕೆಲಸವನ್ನು ಅನುಭವಸ್ಥರಾದ ಹಿರಿಯರಿಗೆ ಬಿಡುವುದು ಲೇಸು. ರೇಡಿಯೊ ಸಂಪರ್ಕ ಕಡಿದರೆ ಮೋಟಾರುಗಳೆರಡೂ ನಿಲ್ಲುವಂತೆ ಗ್ರಾಹಕವನ್ನು ಮೊದಲೇ ಹೊಂದಿಸಿ, ನೆಲದ ಮೇಲೆಯೇ ಪರೀಕ್ಷಿಸಬೇಕು.

ಲಿಥಿಯಂ ಬ್ಯಾಟರಿಯ ಪ್ರತಿ ಕೋಶವೂ 4.2 ವೋಲ್ಟ್ ಮೀರಬಾರದು, 3 ವೋಲ್ಟಿನ ಕೆಳಗೆ ಇಳಿಯಬಾರದು. ಉಬ್ಬಿದ ಅಥವಾ ಪೆಟ್ಟು ಬಿದ್ದ ಬ್ಯಾಟರಿಗೆ ಬೆಂಕಿ ಹತ್ತುವ ಸಂಭವವಿದೆ. ಚಾರ್ಜಿಗೆ ಹಾಕಿ ಬಿಟ್ಟು ಹೋಗುವುದು ಎಂದಿಗೂ ಕೂಡದು.

ಭಾರತದಲ್ಲಿ 2021ರಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ಇಂತಹ ಮಾದರಿ ವಿಮಾನಗಳನ್ನೂ ಒಳಗೊಂಡಿವೆ. ಅದರಂತೆ 250 ಗ್ರಾಂಗೂ ಮೇಲ್ಪಟ್ಟು 2 ಕಿ.ಗ್ರಾಂ.ವರೆಗಿನವು ಮೈಕ್ರೊ ವರ್ಗಕ್ಕೆ ಸೇರುತ್ತವೆ. ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ವಿಂಗಡಿಸಿದ ನಕ್ಷೆಯನ್ನು ನೋಡಿ, ಅಂದು ಜಾರಿಯಲ್ಲಿರುವ ನಿಯಮಗಳನ್ನು ತಿಳಿದುಕೊಂಡೇ ಬಯಲಿಗೆ ಹೋಗತಕ್ಕದ್ದು. ಜನ, ದನಕರು, ರಸ್ತೆ, ವಿದ್ಯುತ್ ತಂತಿಗಳಿಂದ ದೂರವಾದ ಬಯಲೇ ಆಗಬೇಕು. ವಿಮಾನ ಸದಾ ಕಣ್ಣಳತೆಯಲ್ಲಿರಬೇಕು.

9. ಉಪಸಂಹಾರ

ಯುದ್ಧವಿಮಾನದ ಮಾದರಿಯನ್ನು ಕಟ್ಟುವುದು ಯುದ್ಧವನ್ನು ಕೊಂಡಾಡುವುದಕ್ಕಲ್ಲ. ಸಾಮಗ್ರಿಯ ಕೊರತೆಯಲ್ಲಿ ಮರವನ್ನೇ ನೆಚ್ಚಿ ಲೋಹಕ್ಕೆ ಸರಿಸಾಟಿಯಾದುದನ್ನು ಕಟ್ಟಿದ ಬುದ್ಧಿಯನ್ನು ಅರಿಯುವುದಕ್ಕೆ, ಅಂಟಿನ ಒಂದು ಜೋಡಣೆಯ ಮೇಲೂ ಒಂದು ಜೀವ ನಿಂತಿತ್ತೆಂಬ ಹೊಣೆಯನ್ನು ತಿಳಿಯುವುದಕ್ಕೆ ಅದು ಸಾಧನ. ಆಪತ್ತಿನಲ್ಲಿ ಕೈ ಬಯಸುವುದನ್ನು ಬಿಟ್ಟು ಲೆಕ್ಕ ಹೇಳುವುದನ್ನು ಮಾಡುವ ಸಂಯಮವು ಓದಿನಿಂದಷ್ಟೇ ಬರುವುದಿಲ್ಲ. ನೆಲದ ಮೇಲೆ ಹತ್ತಾರು ಬಾರಿ ಅಭ್ಯಾಸ ಮಾಡಿದವನಿಗೆ ಮಾತ್ರ ಅದು ಆ ಎರಡು ಸೆಕೆಂಡುಗಳಲ್ಲಿ ಒದಗಿ ಬರುತ್ತದೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

(1) ಇದೇ ಮಸ್ಕಿಟೊವನ್ನು 1:10 ಪ್ರಮಾಣದಲ್ಲಿ ಕಟ್ಟಿದರೆ ರೆಕ್ಕೆಯ ಹರವು, ವಿಸ್ತೀರ್ಣ ಮತ್ತು ಪ್ರಮಾಣಬದ್ಧ ತೂಕ ಎಷ್ಟಾಗುತ್ತವೆ?

(2) ಮಾದರಿಯ ತೂಕ 1.3 ಕಿ.ಗ್ರಾಂ.ನಿಂದ 2.6 ಕಿ.ಗ್ರಾಂ.ಗೆ ಏರಿದರೆ ಕನಿಷ್ಠ ವೇಗ ಎಷ್ಟು ಪಟ್ಟಾಗುತ್ತದೆ? ಅದು ಎರಡು ಪಟ್ಟಾಗುವುದಿಲ್ಲ, ಏಕೆ?

(3) ಮೋಟಾರುಗಳನ್ನು ಮಧ್ಯರೇಖೆಯಿಂದ 15 ಸೆಂ.ಮೀ. ದೂರಕ್ಕೆ ತಂದರೆ ಒಂದೇ ಮೋಟಾರಿನ ಹಾರಾಟದಲ್ಲಿ ಚುಕ್ಕಾಣಿಗೆ ಬೇಕಾಗುವ ಬಲ ಎಷ್ಟು? ಒಡಲಿನ ಅಗಲ 11 ಸೆಂ.ಮೀ. ಆದರೆ 8 ಅಂಗುಲದ ಪ್ರೊಪೆಲರಿಗೆ ಅಲ್ಲಿ ಜಾಗ ಸಾಲುತ್ತದೆಯೇ? ಪರಿಶೀಲಿಸಿ.